ಜಲ್ಲಿಯೊಳಗೆ ಬಚ್ಚಿಟ್ಟ ನೀರು: ಕಾಂಕ್ರೀಟು ತನ್ನ ಕ್ಯೂರಿಂಗ್ ತಾನೇ ಮಾಡಿಕೊಳ್ಳಬಲ್ಲದೇ?

2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕಾರು ತೊಳೆಯಲು, ಕೈತೋಟಕ್ಕೆ, ಕಾರಂಜಿಗೆ, ಕಟ್ಟಡದ ಕೆಲಸಕ್ಕೆ ಕುಡಿಯುವ ನೀರು ಬಳಸುವಂತಿಲ್ಲ. ಬಳಸಿದರೆ 5,000 ರೂಪಾಯಿ ದಂಡ. ಕಾರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಬಹುದು. ಗಿಡಕ್ಕೆ ತರಕಾರಿ ತೊಳೆದ ನೀರು ಹಾಕಬಹುದು. ಆದರೆ ಅದೇ ವಾರ ಮನೆಗೆ ಮೋಲ್ಡ್ ಹಾಕಿಸಿದವರ ಗತಿ? ಸ್ಲ್ಯಾಬ್ ಬಲಿಯುವವರೆಗೆ ದಿನಾ ನೀರು ಕೇಳುತ್ತದೆ, ಕ್ಯೂರಿಂಗ್ ಅನ್ನುವುದು ಅದಕ್ಕೇ. ಬೋರ್‌ವೆಲ್ ಬತ್ತಿದೆ. ಟ್ಯಾಂಕರಿನವನು ಫೋನ್ ಎತ್ತುತ್ತಿಲ್ಲ.

ಆ ಬೇಸಿಗೆಯಲ್ಲಿ ಹಲವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಸೆಲ್ಫ್ ಕ್ಯೂರಿಂಗ್ ಕಾಂಕ್ರೀಟ್ ಅಂತ ಬಂದಿದೆಯಂತೆ, ನೀರೇ ಹಾಕೋದು ಬೇಡವಂತೆ, ಹೌದಾ?" ಅಂಥದ್ದು ಇದೆ ಅನ್ನೋದು ನಿಜ. ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನೋದೂ ನಿಜ. ಆದರೆ ಕೇಳಿದವರಲ್ಲಿ ಹೆಚ್ಚಿನವರ ಮನೆಗೆ ಅದು ಬೇಕಾಗಿಲ್ಲ. ಬೇಕಾದ ಜಾಗದಲ್ಲಿ ಅದನ್ನು ಯಾರೂ ಕೇಳುತ್ತಿಲ್ಲ.

ಮೊದಲು ಒಂದು ಲೆಕ್ಕ ಹಾಕೋಣ. 1,000 ಚದರಡಿಯ ತಾರಸಿ, 5 ಇಂಚು ದಪ್ಪ. ಇಷ್ಟಕ್ಕೆ ಸುಮಾರು 12 ಘನ ಮೀಟರ್ ಕಾಂಕ್ರೀಟು ಬೇಕು. ಒಂದು ಘನ ಮೀಟರಿಗೆ 170 ಲೀಟರ್ ಅಂದುಕೊಂಡರೆ ಕಲಸಲು ಹಿಡಿಯುವುದು 2,000 ಲೀಟರ್ ನೀರು. ಇನ್ನು ಕ್ಯೂರಿಂಗ್. ತಾರಸಿಯ ಮೇಲೆ ಗಾರೆಯ ಸಣ್ಣ ಕಟ್ಟೆ ಕಟ್ಟಿ, ಗದ್ದೆಯ ಮಡಿಗಳ ಹಾಗೆ ಚೌಕ ಚೌಕ ಮಾಡಿ, ಎರಡು ಇಂಚು ನೀರು ನಿಲ್ಲಿಸುತ್ತೇವೆ. ಅದಕ್ಕೇ ಹೆಚ್ಚುಕಡಿಮೆ 4,700 ಲೀಟರ್ ಬೇಕು. ಬೇಸಿಗೆಯಲ್ಲಿ ದಿನಕ್ಕೆ 6 ಮಿಲಿಮೀಟರ್ ಆವಿಯಾದರೆ ಹತ್ತು ದಿನದಲ್ಲಿ ಮತ್ತೆ 5,600 ಲೀಟರ್ ತುಂಬಿಸಬೇಕು. ಕಟ್ಟೆ ಸೋರಿದ್ದನ್ನು, ಪೈಪು ಹಾಕಿ ಮರೆತದ್ದನ್ನು ಸೇರಿಸದೆಯೇ 10,000 ಲೀಟರ್ ದಾಟಿತು. ಅಂದರೆ ಕಾಂಕ್ರೀಟಿನ ಒಳಗೆ ಹೋದದ್ದರ ಐದು ಪಟ್ಟು ನೀರು ಅದರ ತಲೆಯ ಮೇಲೆ ಬಿಸಿಲು ಕಾಯುತ್ತಾ ಕೂತಿರುತ್ತದೆ.

ಈ ನೀರಿನಲ್ಲಿ ಸ್ಲ್ಯಾಬ್ ಕುಡಿಯುವುದು ಎಷ್ಟು? ತೀರಾ ಕಡಿಮೆ.

ಸಿಮೆಂಟಿನ ಬಾಯಾರಿಕೆ

ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆ ಅಂತ ನಾವು ಮಾತಿಗೆ ಹೇಳುತ್ತೇವೆ. ಒಣಗುವುದು ಮಣ್ಣಿನ ಗೋಡೆ. ಸಿಮೆಂಟು ನೀರಿನ ಜೊತೆ ಕೂಡಿ ಬೇರೆಯೇ ವಸ್ತುವಾಗುತ್ತದೆ. ಹಾಗಾಗಿಯೇ ಅದು ನೀರಿನ ಅಡಿಯಲ್ಲೂ ಗಟ್ಟಿಯಾಗಬಲ್ಲದು. ಎಷ್ಟು ನೀರು ಬೇಕು ಅನ್ನುವ ಲೆಕ್ಕವನ್ನು 1940ರ ದಶಕದಲ್ಲಿ ಅಮೆರಿಕದ ಟಿ.ಸಿ. ಪವರ್ಸ್ ಹಾಕಿಕೊಟ್ಟರು. ಇವತ್ತಿಗೂ ಎಂಜಿನಿಯರುಗಳು ಅದನ್ನೇ ಬಳಸುತ್ತಾರೆ. ಒಂದು ಕಿಲೊ ಸಿಮೆಂಟು ಪೂರ್ತಿ ಕೂಡಿಕೊಳ್ಳಲು ಸುಮಾರು 230 ಗ್ರಾಂ ನೀರು ಬೇಕು. ಜೊತೆಗೆ, ಹುಟ್ಟಿದ ಹೊಸ ವಸ್ತುವಿನ ಅತಿ ಸಣ್ಣ ರಂಧ್ರಗಳಲ್ಲಿ ಇನ್ನೊಂದು 190 ಗ್ರಾಂ ಸಿಕ್ಕಿಕೊಳ್ಳುತ್ತದೆ. ಒಟ್ಟು 420 ಗ್ರಾಂ. ಹೊರಗಿನಿಂದ ಒಂದು ಹನಿಯೂ ಬರದಂತೆ, ಒಳಗಿನದು ಒಂದು ಹನಿಯೂ ಹೋಗದಂತೆ ಮುಚ್ಚಿಟ್ಟರೆ ಇಷ್ಟು ಸಾಕು.

ಈಗ ಮನೆಯ ಕಾಂಕ್ರೀಟನ್ನು ನೋಡಿ. ಎಂ20 ಅಂತ ಹಾಕಿಸುವ ಮಿಶ್ರಣದಲ್ಲಿ ಒಂದು ಕಿಲೊ ಸಿಮೆಂಟಿಗೆ 500 ಗ್ರಾಂ ಆಸುಪಾಸು ನೀರು ಇರುತ್ತದೆ. ಮೇಸ್ತ್ರಿ "ಸ್ವಲ್ಪ ನೀರು ಬಿಡಪ್ಪ, ಸರಾಗವಾಗಿ ಹರಡಲಿ" ಅಂದರೆ ಇನ್ನೂ ಜಾಸ್ತಿ. ಅಂದರೆ ಬೇಕಾದ್ದಕ್ಕಿಂತ ಹೆಚ್ಚು ನೀರು ಮೊದಲ ದಿನವೇ ಒಳಗಿದೆ. ಹಾಗಾದರೆ ಕ್ಯೂರಿಂಗ್ ಯಾಕೆ? ಒಳಗಿನ ನೀರು ಓಡಿಹೋಗದಿರಲಿ ಅಂತ. ಒಳಗಿನ ತೇವ ನೂರಕ್ಕೆ 80ಕ್ಕಿಂತ ಕೆಳಗಿಳಿದರೆ ಸಿಮೆಂಟಿನ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಬಿಸಿಲು ಗಾಳಿ ಸೇರಿ ಮೇಲ್ಪದರವನ್ನು ಅಲ್ಲಿಗೆ ಒಯ್ಯಲು ಹೆಚ್ಚು ಹೊತ್ತು ಬೇಡ.

ಮೇಲ್ಪದರ ತಾನೆ, ಹೋದರೆ ಹೋಗಲಿ ಅನ್ನುವ ಹಾಗಿಲ್ಲ. ಕಂಬಿಯನ್ನು ತುಕ್ಕಿನಿಂದ ಕಾಯುವುದು ಅದೇ. ಸಾಮಾನ್ಯ ಸ್ಲ್ಯಾಬಿನಲ್ಲಿ ಕಂಬಿಯ ಹೊರಗೆ ಇರುವ ಕವರ್ 20 ಮಿಲಿಮೀಟರ್, ಬೆರಳ ಅಗಲಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ಒಣಗಿ ಅರೆಬರೆ ಬಲಿತು ರಂಧ್ರಮಯವಾಗುವುದು ಇದೇ 20 ಮಿಲಿಮೀಟರ್. ಇಪ್ಪತ್ತು ವರ್ಷದ ನಂತರ ಸಜ್ಜೆಯ ಅಡಿಯಿಂದ ಗಾರೆ ಉದುರಿ ಕೆಂಪು ಕಂಬಿ ಕಾಣುತ್ತದಲ್ಲ, ಅದರ ಮೂಲ ಎಷ್ಟೋ ಸಲ ಮೊದಲ ವಾರದಲ್ಲೇ ಇರುತ್ತದೆ.

ಭಾರತೀಯ ಮಾನಕ ಐಎಸ್ 456 ಹೇಳುವುದು ಇಷ್ಟು: ಸಾಮಾನ್ಯ ಒಪಿಸಿ ಸಿಮೆಂಟಾದರೆ ಕನಿಷ್ಠ 7 ದಿನ ಕ್ಯೂರಿಂಗ್, ಬಿಸಿಲು ಗಾಳಿ ಜೋರಿದ್ದರೆ 10 ದಿನ. ಹಾರುಬೂದಿ (ಕಲ್ಲಿದ್ದಲು ಸುಟ್ಟಾಗ ಉಳಿಯುವ ನುಣ್ಣನೆ ಬೂದಿ) ಅಥವಾ ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಬೆರೆತ ಸಿಮೆಂಟಾದರೆ 10 ದಿನ, ಆದರೆ 14 ಇದ್ದರೆ ಒಳ್ಳೆಯದು. ನಿಮ್ಮ ಮೂಟೆಯ ಮೇಲೆ ಪಿಪಿಸಿ ಅಂತಿದ್ದರೆ ಅದು ಎರಡನೇ ಗುಂಪು. ಎಷ್ಟು ಸೈಟುಗಳಲ್ಲಿ 14 ದಿನ ನೀರು ಕಂಡಿದ್ದೀರಿ? ಮೂರು ದಿನ ಗೋಣಿಚೀಲ ಒದ್ದೆ ಇರುತ್ತದೆ. ನಾಲ್ಕನೇ ದಿನ ಪಿಲ್ಲರಿಗೆ ಒಣ ಗೋಣಿಚೀಲ ಜೋತು ಬಿದ್ದಿರುತ್ತದೆ, ಬಿಸಿಲಲ್ಲಿ ನಿಂತ ಭಿಕ್ಷುಕನ ಹಾಗೆ.

ಇಲ್ಲೊಂದು ತಮಾಷೆ ಇದೆ. ಕೇಳಿದರೆ ಗುತ್ತಿಗೆದಾರರು "ಕ್ಯೂಬ್ ಟೆಸ್ಟ್ ಪಾಸಾಗಿದೆ ಸಾರ್" ಅನ್ನುತ್ತಾರೆ. ಸುಳ್ಳಲ್ಲ. ಆದರೆ ಬಲ ಪರೀಕ್ಷಿಸಲೆಂದು ಅದೇ ಮಿಶ್ರಣದಿಂದ ಮಾಡಿದ ಆ 15 ಸೆಂಟಿಮೀಟರಿನ ಕ್ಯೂಬು 28 ದಿನ ಲ್ಯಾಬಿನ ತೊಟ್ಟಿಯಲ್ಲಿ, 27 ಡಿಗ್ರಿ ನೀರಿನಲ್ಲಿ, ಸುಖವಾಗಿ ಮುಳುಗಿತ್ತು. ಅದರ ಒಡಹುಟ್ಟಿದ ಸ್ಲ್ಯಾಬು ರಾಯಚೂರಿನ 40 ಡಿಗ್ರಿ ಬಿಸಿಲಲ್ಲಿತ್ತು. ಕ್ಯೂಬಿನ ಫಲಿತಾಂಶ ಮಿಶ್ರಣ ಹೇಗಿತ್ತು ಅಂತ ಹೇಳುತ್ತದೆ. ಸೈಟಿನಲ್ಲಿ ಅದನ್ನು ಹೇಗೆ ಸಾಕಿದರು ಅಂತ ಹೇಳುವುದಿಲ್ಲ.

ಹೊರಗಿನ ನೀರು ಒಳಗೆ ಹೋಗದ ಕಾಂಕ್ರೀಟು

ಇಲ್ಲಿಯವರೆಗೆ ಹೇಳಿದ್ದು ಮನೆಯ ಕತೆ. ಮೇಲ್ಸೇತುವೆ, ಎತ್ತರದ ಕಟ್ಟಡದ ಕೆಳಗಿನ ಪಿಲ್ಲರು, ಕಾಂಕ್ರೀಟ್ ರಸ್ತೆ, ಗೋದಾಮಿನ ನೆಲ, ಇವುಗಳ ಕತೆ ಬೇರೆ. ಅಲ್ಲಿ ಗಟ್ಟಿತನ ಜಾಸ್ತಿ ಬೇಕು. ಹಾಗಾಗಿ ನೀರನ್ನು ಕಡಿಮೆ ಮಾಡುತ್ತಾರೆ. ಕಲಸಲು ಕಷ್ಟವಾಗದಿರಲಿ ಅಂತ ಸೂಪರ್ ಪ್ಲಾಸ್ಟಿಸೈಜರ್ ಅನ್ನುವ ರಾಸಾಯನಿಕ ಹಾಕುತ್ತಾರೆ. ಒಂದು ಕಿಲೊ ಸಿಮೆಂಟಿಗೆ 320 ಗ್ರಾಂ ನೀರು ಅಂತಿಟ್ಟುಕೊಳ್ಳಿ. ಬೇಕಾಗಿದ್ದು 420. ಇಲ್ಲಿ ನೀರಿನ ಕೊರತೆ ಹುಟ್ಟಿನಿಂದಲೇ ಇದೆ.

ಕೊರತೆಯಾದಾಗ ಏನಾಗುತ್ತದೆ ಅನ್ನೋದೇ ಮುಖ್ಯ. ಸಿಮೆಂಟು ಮತ್ತು ನೀರು ಕೂಡಿ ಹುಟ್ಟುವ ವಸ್ತು ಅವೆರಡರ ಒಟ್ಟು ಗಾತ್ರಕ್ಕಿಂತ ಸಣ್ಣದು. ಒಂದು ಕಿಲೊ ಸಿಮೆಂಟು ಪೂರ್ತಿ ಕೂಡಿದರೆ 60ರಿಂದ 70 ಮಿಲಿಲೀಟರ್ ಜಾಗ ಖಾಲಿ ಬೀಳುತ್ತದೆ. ಹೊರಗಿನಿಂದ ನೀರು ಬಂದು ಆ ಜಾಗ ತುಂಬಿದರೆ ಸರಿ. ಬರದಿದ್ದರೆ ರಂಧ್ರಗಳು ಖಾಲಿಯಾಗಿ, ಉಳಿದ ನೀರು ರಂಧ್ರದ ಗೋಡೆಗಳನ್ನು ಒಳಕ್ಕೆ ಎಳೆಯುತ್ತದೆ. ಕಾಂಕ್ರೀಟು ಒಂದು ತೊಟ್ಟು ನೀರನ್ನೂ ಹೊರಗೆ ಬಿಡದೆ, ತನ್ನಷ್ಟಕ್ಕೆ ತಾನೇ ಕುಗ್ಗುತ್ತದೆ. ಕಂಬಿ, ಪಕ್ಕದ ಹಳೆಯ ಕಾಂಕ್ರೀಟು ಅದನ್ನು ಕುಗ್ಗಲು ಬಿಡುವುದಿಲ್ಲ. ಮೊದಲ ಕೆಲವು ದಿನಗಳಲ್ಲೇ ಬಿರುಕು ಬಿಡುತ್ತದೆ.

ಮೇಲೆ ಕೆರೆಯಷ್ಟು ನೀರು ನಿಲ್ಲಿಸಿದರೂ ಪ್ರಯೋಜನ ಅಷ್ಟಕ್ಕಷ್ಟೆ. ಈ ಕಾಂಕ್ರೀಟಿನ ರಂಧ್ರಗಳು ಬೇಗ ಮುಚ್ಚಿಹೋಗುತ್ತವೆ. ಹೊರಗಿನ ನೀರು ಇಳಿಯುವುದು ಚರ್ಮದಷ್ಟು ಆಳಕ್ಕೆ ಮಾತ್ರ. ಒಳಗೆ ಬಾಯಾರಿಕೆ, ಹೊರಗೆ ನೆರೆ. ಹಣ ಕೊಟ್ಟು ಗಟ್ಟಿ ಕಾಂಕ್ರೀಟು ಹಾಕಿಸಿದವರಿಗೇ ಮೊದಲು ಬಿರುಕು ಕಾಣುವುದು ಇದೇ ಕಾರಣಕ್ಕೆ. ಸಿಲಿಕಾ ಫ್ಯೂಮಿನಂಥ ನುಣ್ಣನೆ ಪುಡಿ ಸೇರಿಸಿದರೆ ಈ ಕಾಟ ಇನ್ನೂ ಹೆಚ್ಚು.

ಈ ಕಾಂಕ್ರೀಟಿಗೆ ನೀರನ್ನು ಒಳಗೇ ಬಚ್ಚಿಡಬೇಕು. ಕಲಸುವಾಗ ಸುಮ್ನೆ ನೀರು ಹೆಚ್ಚಿಸಿದರೆ ಗಟ್ಟಿತನ ಬೀಳುತ್ತದೆ. ಅದಕ್ಕೇ ಕಲಸುವಾಗ ಹೊರಬರದ, ಆಮೇಲೆ ಬೇಕಾದಾಗ ಹೊರಬರುವ ನೀರು ಬೇಕು.

ಗಾರೆ ಕೆಲಸದವರಿಗೆ ಈ ತತ್ವದ ಅರ್ಧ ಮೊದಲೇ ಗೊತ್ತು. ಇಟ್ಟಿಗೆ ಕಟ್ಟುವ ಮುಂಚೆ ತೊಟ್ಟಿಯಲ್ಲಿ ನೆನೆಸುತ್ತಾರೆ, ಅಲ್ವಾ? ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಬಿಡುತ್ತದೆ ಅಂತ. ಉಳಿದರ್ಧ ಬಯಲುಸೀಮೆಯ ರೈತರಿಗೆ ಗೊತ್ತು. ಸಸಿಯ ಪಕ್ಕ ಮಣ್ಣಿನ ಮಡಕೆ ಹೂತು ನೀರು ತುಂಬಿಡುತ್ತಾರೆ. ಸುತ್ತಲ ಮಣ್ಣು ಒಣಗಿದ ಹಾಗೆಲ್ಲ ಮಡಕೆ ಜಿನುಗುತ್ತದೆ. ಮಣ್ಣು ಒದ್ದೆಯಿದ್ದರೆ ಸುಮ್ಮನಿರುತ್ತದೆ. ಈ ಮಡಕೆಯನ್ನು ಅಕ್ಕಿಕಾಳಿನಷ್ಟು ಸಣ್ಣದು ಮಾಡಿ, ಒಂದು ಘನ ಮೀಟರಿನಲ್ಲಿ ಲಕ್ಷಗಟ್ಟಲೆ ಹೂತರೆ ಅದೇ ಒಳಗಿನ ಕ್ಯೂರಿಂಗ್.

ಆ ಮಡಕೆಯೇ ಹಗುರ ಜಲ್ಲಿ. ಜೇಡಿಮಣ್ಣು, ಶೇಲ್ ಕಲ್ಲು ಅಥವಾ ಹಾರುಬೂದಿಯ ಉಂಡೆಯನ್ನು ಸಾವಿರ ಡಿಗ್ರಿಗೂ ಮೀರಿದ ಶಾಖದಲ್ಲಿ ಸುಟ್ಟಾಗ ಒಳಗೆ ಅನಿಲ ಹುಟ್ಟಿ, ಅದು ಪುರಿಯ ಹಾಗೆ ಉಬ್ಬುತ್ತದೆ ಅಥವಾ ರಂಧ್ರಮಯವಾಗಿ ಬೆಸೆದುಕೊಳ್ಳುತ್ತದೆ. ನಮ್ಮ ಸಾಮಾನ್ಯ ಕಪ್ಪು ಜಲ್ಲಿ ತನ್ನ ತೂಕದ ನೂರಕ್ಕೆ ಒಂದರಷ್ಟು ನೀರು ಹೀರಿದರೆ ಹೆಚ್ಚು. ಇದು 10, 15, ಕೆಲವೊಮ್ಮೆ ಇನ್ನೂ ಜಾಸ್ತಿ ಹೀರುತ್ತದೆ. ಇದರ ರಂಧ್ರಗಳು ಸಿಮೆಂಟಿನ ರಂಧ್ರಗಳಿಗಿಂತ ದೊಡ್ಡವು. ಸಣ್ಣ ರಂಧ್ರ ಯಾವಾಗಲೂ ದೊಡ್ಡ ರಂಧ್ರದಿಂದ ನೀರನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಸಿಮೆಂಟು ಒಣಗತೊಡಗಿದಾಗ ಜಲ್ಲಿ ತಾನಾಗಿ ನೀರು ಬಿಟ್ಟುಕೊಡುತ್ತದೆ.

ಈ ವಿಚಾರ ಹೊಸದೇನಲ್ಲ. ಕ್ಯಾನ್ಸಾಸ್ ಸಿಟಿಯ ಇಟ್ಟಿಗೆ ತಯಾರಕ ಸ್ಟೀಫನ್ ಹೇಡ್, ಭಟ್ಟಿಯಲ್ಲಿ ಉಬ್ಬಿ ಹಾಳಾದ ಇಟ್ಟಿಗೆಗಳಿಂದ ಹೊಳೆದ ಉಪಾಯಕ್ಕೆ 1918ರಲ್ಲಿ ಪೇಟೆಂಟ್ ಪಡೆದ. ಮರುವರ್ಷವೇ ಅಂಥ ಜಲ್ಲಿಯ ಕಾಂಕ್ರೀಟಿನಿಂದ 'ಸೆಲ್ಮಾ' ಅನ್ನುವ ಎಣ್ಣೆ ಹಡಗು ನೀರಿಗಿಳಿಯಿತು. ಅದರ ಅವಶೇಷ ಇವತ್ತಿಗೂ ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಕೊಲ್ಲಿಯ ಉಪ್ಪುನೀರಿನಲ್ಲಿ ನಿಂತಿದೆ. ಹಗುರ ಜಲ್ಲಿ ಹೀರಿದ ನೀರು ಆಮೇಲೆ ಸಿಮೆಂಟಿಗೆ ಸಿಗುತ್ತದೆ ಅಂತ 1957ರಲ್ಲಿ ಪಾಲ್ ಕ್ಲೀಗರ್ ಬರೆದರು. ಹೆಚ್ಚು ಜನ ಕಿವಿಗೊಡಲಿಲ್ಲ, ಯಾಕೆಂದರೆ ಆಗಿನ ಕಾಂಕ್ರೀಟಿನಲ್ಲಿ ನೀರಿಗೆ ಕೊರತೆಯೇ ಇರಲಿಲ್ಲ. 1991ರಲ್ಲಿ ರಾಬರ್ಟ್ ಫಿಲಿಯೊ, ಮರಳಿನ ಒಂದು ಭಾಗವನ್ನು ತೆಗೆದು ನೆನೆಸಿದ ಹಗುರ ಪುಡಿಜಲ್ಲಿ ಹಾಕಿ ನೋಡಿ ಅಂದರು. ಅಷ್ಟೊತ್ತಿಗೆ ಗಟ್ಟಿ ಕಾಂಕ್ರೀಟಿನ ಕಾಲ ಬಂದಿತ್ತು.

ಮರಳಿನ ಗಾತ್ರವೇ ಯಾಕೆ, ಜಲ್ಲಿಯ ಗಾತ್ರ ಯಾಕಲ್ಲ? ಗಟ್ಟಿಯಾಗುತ್ತಿರುವ ಸಿಮೆಂಟಿನಲ್ಲಿ ನೀರು ಹೆಚ್ಚು ದೂರ ನಡೆಯಲಾರದು. ಮೊದಲ ದಿನ ಸೆಂಟಿಮೀಟರುಗಟ್ಟಲೆ ಹೋದೀತು. ವಾರದ ಮೇಲೆ ಕೆಲವೇ ಮಿಲಿಮೀಟರ್. ಊರಿಗೆಲ್ಲ ಒಂದೇ ದೊಡ್ಡ ಬಾವಿ ಇದ್ದರೆ ದೂರದ ಓಣಿಯವರಿಗೆ ನೀರು ಸಿಗದು. ಸಣ್ಣ ನಲ್ಲಿ ಮನೆಮನೆಗೂ ಇರಬೇಕು.

ಎಷ್ಟು ಬೇಕು ಅನ್ನುವುದಕ್ಕೂ ನೇರ ಲೆಕ್ಕವಿದೆ. ಅದನ್ನು 2005ರಲ್ಲಿ ಬೆಂಟ್ಝ್, ಲೂರಾ ಮತ್ತು ರಾಬರ್ಟ್ಸ್ ಮುಂದಿಟ್ಟರು. ನಮ್ಮ ಉದಾಹರಣೆಗೇ ಹಾಕಿ ನೋಡೋಣ. ಒಂದು ಘನ ಮೀಟರಿನಲ್ಲಿ 450 ಕಿಲೊ ಸಿಮೆಂಟು, 0.32 ನೀರಿನ ಅನುಪಾತ, ಅಂದರೆ ಕಿಲೊ ಸಿಮೆಂಟಿಗೆ ಅದೇ 320 ಗ್ರಾಂ ನೀರು. ಇಷ್ಟು ಕಡಿಮೆ ನೀರಿನಲ್ಲಿ ಸಿಮೆಂಟು ಪೂರ್ತಿ ಕೂಡದು, ಹೆಚ್ಚೆಂದರೆ ನೂರಕ್ಕೆ 89 ಭಾಗ. ಖಾಲಿ ಬೀಳುವ ಜಾಗ ತುಂಬಲು 28 ಲೀಟರ್ ನೀರು ಬೇಕು. ಹಗುರ ಪುಡಿಜಲ್ಲಿ ನೂರಕ್ಕೆ 15ರಷ್ಟು ಹೀರಿ, ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ವಾಪಸ್ ಕೊಟ್ಟರೆ, ಸುಮಾರು 200 ಕಿಲೊ ಪುಡಿಜಲ್ಲಿ ಸಾಕು. ಬರೇ 28 ಲೀಟರ್! ತಾರಸಿಯ ಮೇಲೆ ನಿಲ್ಲಿಸುವ ನೀರಿನ ಮುಂದೆ ಇದು ಏನೇನೂ ಅಲ್ಲ. ಆದರೆ ಸರಿಯಾದ ಜಾಗದಲ್ಲಿದೆ.

ಪುಡಿಜಲ್ಲಿಯನ್ನು ಮರಳಿಗೆ ಬದಲಾಗಿ ಹಾಕುವಾಗ ತೂಕ ನೋಡಬಾರದು, ಗಾತ್ರ ನೋಡಬೇಕು. 200 ಕಿಲೊ ಹಗುರ ಪುಡಿ ಆಕ್ರಮಿಸುವ ಜಾಗದಲ್ಲಿ ಎಂ-ಸ್ಯಾಂಡ್ ಆಗಿದ್ದರೆ 350 ಕಿಲೊ ಹಿಡಿಯುತ್ತಿತ್ತು. ಇದನ್ನು ತಪ್ಪಿ ಮಿಶ್ರಣ ಕೆಡಿಸಿಕೊಂಡವರು ಇದ್ದಾರೆ.

ಅಮೆರಿಕದ ಸೇತುವೆಗಳು ಹೇಳುವುದು

ಇದು ಲ್ಯಾಬಿನಲ್ಲೇ ಉಳಿದ ವಿಷಯವಲ್ಲ. 2005ರಲ್ಲಿ ಟೆಕ್ಸಸ್‌ನ ಹಚಿನ್ಸ್ ಎಂಬಲ್ಲಿ ರೈಲ್ವೆ ಸರಕು ಟರ್ಮಿನಲ್ಲಿನ ನೆಲಕ್ಕೆ ಸುಮಾರು 1,90,000 ಘನ ಮೀಟರ್ ಇಂಥ ಕಾಂಕ್ರೀಟು ಹಾಕಿದರು. ನ್ಯೂಯಾರ್ಕ್ ರಾಜ್ಯದ ಸಾರಿಗೆ ಇಲಾಖೆ ಸೇತುವೆಯ ಮೇಲ್ಹಾಸಿಗೆ ಮರಳಿನ ನೂರಕ್ಕೆ 30 ಭಾಗವನ್ನು ನೆನೆಸಿದ ಹಗುರ ಪುಡಿಯಿಂದ ಬದಲಿಸುವ ನಿಯಮ ಮಾಡಿತು. ಇಂಡಿಯಾನಾ ರಾಜ್ಯವೂ 2010ರ ಹೊತ್ತಿಗೆ ಸೇತುವೆಗಳಲ್ಲಿ ಪ್ರಯೋಗ ಮಾಡಿತು. 2012ರಲ್ಲಿ ಇಂಥ ಪುಡಿಜಲ್ಲಿಗೆಂದೇ ಅಲ್ಲಿನ ಮಾನಕ ಸಂಸ್ಥೆ ಎಎಸ್‌ಟಿಎಂನ ಮಾನಕ ಬಂತು. 72 ಗಂಟೆಯಲ್ಲಿ ಕನಿಷ್ಠ ನೂರಕ್ಕೆ 5ರಷ್ಟು ನೀರು ಹೀರಬೇಕು. ಸುತ್ತಲ ತೇವ ನೂರಕ್ಕೆ 94ಕ್ಕೆ ಇಳಿದಾಗ, ಹೀರಿದ್ದರಲ್ಲಿ ಕನಿಷ್ಠ 85 ಭಾಗ ಬಿಟ್ಟುಕೊಡಬೇಕು. ಈ ಎರಡನೇ ಷರತ್ತು ಜಾಣತನದ್ದು. ನೀರು ಕುಡಿಯುವವರು ಬೇಕಾದಷ್ಟಿದ್ದಾರೆ, ವಾಪಸ್ ಕೊಡುವವರು ಕಡಿಮೆ. 2023-24ರ ಸುತ್ತಿನಲ್ಲಿ ಅಲ್ಲಿನ ಫೆಡರಲ್ ಹೆದ್ದಾರಿ ಆಡಳಿತ, ರಾಜ್ಯಗಳಿಗೆ ಕಲಿಸಿ ಹಬ್ಬಿಸಬೇಕಾದ ಹೊಸ ವಿಧಾನಗಳ ಪಟ್ಟಿಗೆ ಇದನ್ನೂ ಸೇರಿಸಿತು.

ಅವರಿಗೆ ಇಷ್ಟು ಆಸಕ್ತಿ ಯಾಕೆ? ಚಳಿಗಾಲದಲ್ಲಿ ಅಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಬಿರುಕು ಬಿಟ್ಟ ಮೇಲ್ಹಾಸಿನೊಳಗೆ ಉಪ್ಪು ಇಳಿದರೆ ಕಂಬಿ ತಿಂದುಹಾಕುತ್ತದೆ. ನಮ್ಮಲ್ಲಿ ಹಿಮ ಇಲ್ಲ, ಸರಿ. ಆದರೆ ಕಾರವಾರದಿಂದ ಮಂಗಳೂರಿನವರೆಗೆ ಕಡಲ ಗಾಳಿಯೇ ಉಪ್ಪು ತರುತ್ತದಲ್ಲ!

ಬಿರುಕು ಕಡಿಮೆಯಾಗುವುದರ ಜೊತೆಗೆ ಇನ್ನೊಂದು ಲಾಭವೂ ಇದೆ. ಸಾಮಾನ್ಯ ಜಲ್ಲಿಯ ಸುತ್ತ ಸಿಮೆಂಟು ಸ್ವಲ್ಪ ಸಡಿಲವಾಗಿರುತ್ತದೆ, ಉಪ್ಪು ಮತ್ತು ನೀರಿಗೆ ಅದೇ ಕಳ್ಳದಾರಿ. ಹಗುರ ಜಲ್ಲಿಯ ಒರಟು ಮೈಗೆ ಸಿಮೆಂಟು ಇನ್ನೂ ಬಿಗಿಯಾಗಿ ಅಂಟುತ್ತದೆ.

ಹಗುರ ಅಂದಮಾತ್ರಕ್ಕೆ

ಇಲ್ಲಿ ಎರಡು ವಿಷಯ ಬೆರೆತುಹೋಗುತ್ತವೆ, ಬಿಡಿಸಿಟ್ಟುಕೊಳ್ಳಬೇಕು. ಒಳಗಿನ ಕ್ಯೂರಿಂಗಿಗೆ ಮರಳಿನ ಒಂದು ಭಾಗ ಬದಲಿಸಿದರೆ ಕಾಂಕ್ರೀಟಿನ ತೂಕ ಘನ ಮೀಟರಿಗೆ ನೂರು ಕಿಲೊ ಆಸುಪಾಸು ಇಳಿಯಬಹುದು ಅಷ್ಟೆ. ದಪ್ಪ ಜಲ್ಲಿಯನ್ನೇ ಪೂರ್ತಿ ಬದಲಿಸಿದರೆ ಅದು ಹಗುರ ಕಾಂಕ್ರೀಟು. 2,500 ಕಿಲೊ ತೂಗುವ ಆರ್‌ಸಿಸಿ 1,900ರ ಹತ್ತಿರ ಬರುತ್ತದೆ. ನಮ್ಮ 1,000 ಚದರಡಿಯ ಸ್ಲ್ಯಾಬಿನಲ್ಲಿ ಏಳು ಟನ್ ಉಳಿತಾಯ. ರೋಮಿನ ಪ್ಯಾಂಥಿಯನ್ನಿನ ಗುಮ್ಮಟ ಸುಮಾರು 1,900 ವರ್ಷದಿಂದ ಕಂಬಿಯಿಲ್ಲದೆ ನಿಂತಿರುವುದರ ಹಿಂದೆ, ಮೇಲಕ್ಕೆ ಹೋದಂತೆ ಹಗುರ ಪ್ಯುಮಿಸ್ ಕಲ್ಲು ಬಳಸಿದ ಉಪಾಯವೂ ಇದೆ.

ಎತ್ತರದ ಕಟ್ಟಡಕ್ಕೆ, ಉದ್ದನೆಯ ಸೇತುವೆಗೆ, ಹಳೆಯ ಕಟ್ಟಡದ ಮೇಲೆ ಇನ್ನೊಂದು ಅಂತಸ್ತು ಏರಿಸುವಾಗ ಈ ಉಳಿತಾಯಕ್ಕೆ ಬೆಲೆ ಇದೆ. ಭೂಕಂಪದ ಹೊಡೆತವೂ ಕಟ್ಟಡದ ತೂಕಕ್ಕೆ ತಕ್ಕ ಹಾಗೇ ಬೀಳುತ್ತದೆ. ಆದರೆ ಎರಡಂತಸ್ತಿನ ಮನೆಯ ಪಾಯದಲ್ಲಿ ಇದರಿಂದ ದೊಡ್ಡ ಹಣ ಉಳಿಯದು. ಮೇಲಾಗಿ ಹಗುರ ಕಾಂಕ್ರೀಟು ಅದೇ ಗಟ್ಟಿತನದಲ್ಲೂ ಸ್ವಲ್ಪ ಹೆಚ್ಚು ಬಾಗುತ್ತದೆ, ತೊಲೆ ಜೋತು ಬೀಳಬಹುದು. ಹಳೇ ಡ್ರಾಯಿಂಗಿನಲ್ಲಿ ಜಲ್ಲಿ ಮಾತ್ರ ಬದಲಿಸಿ ಹಾಕುವ ವಸ್ತುವಲ್ಲ ಇದು. ವಿನ್ಯಾಸವನ್ನೇ ಮತ್ತೆ ಮಾಡಬೇಕು.

ಡೈಪರಿನ ಪುಡಿ ಮತ್ತು ಕಾಲೇಜಿನ ಪ್ರಾಜೆಕ್ಟು

ನೀರು ಬಚ್ಚಿಡಲು ಬೇರೆ ದಾರಿಗಳೂ ಇವೆ. 2001ರಲ್ಲಿ ಡೆನ್ಮಾರ್ಕಿನ ಯೆನ್ಸನ್ ಮತ್ತು ಹ್ಯಾನ್ಸನ್, ಮಗುವಿನ ಡೈಪರಿನಲ್ಲಿರುವಂಥ ನೀರು ಹೀರುವ ಪಾಲಿಮರ್ ಪುಡಿಯನ್ನು ಕಾಂಕ್ರೀಟಿಗೆ ಹಾಕಿ ತೋರಿಸಿದರು. ನಮ್ಮ ರೈತರು ಹೊಲಕ್ಕೆ ಹಾಕುವ ಹೈಡ್ರೋಜೆಲ್ ಕೂಡ ಇದೇ ಕುಲದ್ದು. ಬರೀ ನೀರಿನಲ್ಲಿ ತನ್ನ ತೂಕದ ನೂರಾರು ಪಟ್ಟು ಹೀರುವ ಈ ಪುಡಿ, ಸಿಮೆಂಟಿನ ಕ್ಷಾರದ ನೀರಿನಲ್ಲಿ ಅದರ ಸಣ್ಣ ಪಾಲು ಮಾತ್ರ ಹೀರುತ್ತದೆ. ಸಿಮೆಂಟಿನ ತೂಕದ ನೂರಕ್ಕೆ ಅರ್ಧ ಭಾಗದಷ್ಟು ಹಾಕಿದರೂ ಕೆಲಸ ನಡೆಯುತ್ತದೆ. ನೀರು ಕೊಟ್ಟ ಮೇಲೆ ಪುಡಿ ಇದ್ದ ಜಾಗ ಪೊಳ್ಳಾಗಿ ಉಳಿಯುತ್ತದೆ. ಸ್ವಲ್ಪ ಬಲ ಹೋಗುತ್ತದೆ. ಭಟ್ಟಿ ಬೇಡ, ಲಾರಿಗಟ್ಟಲೆ ಜಲ್ಲಿ ಸಾಗಿಸಬೇಕಿಲ್ಲ ಅನ್ನುವುದು ಇದರ ಅನುಕೂಲ.

ಮೂರನೆಯದು ಪಾಲಿಎಥಿಲೀನ್ ಗ್ಲೈಕಾಲ್, ಕಾಲೇಜಿನವರ ಬಾಯಲ್ಲಿ ಪಿಇಜಿ 400. ಸಿವಿಲ್ ಎಂಜಿನಿಯರಿಂಗಿನ ಕೊನೇ ವರ್ಷದ ಪ್ರಾಜೆಕ್ಟು ಅಂದರೆ ಇದು ಇದ್ದೇ ಇರುತ್ತದೆ. ಈ ದ್ರವ ನೀರಿನ ಅಣುಗಳನ್ನು ಹಿಡಿದುಕೊಂಡು ಆವಿಯಾಗುವುದನ್ನು ನಿಧಾನ ಮಾಡುತ್ತದೆ. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದಲ್ಲಿ ರವೀಂದ್ರ ಧೀರ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದರ ಮೇಲೆ ಗಂಭೀರವಾಗಿ ಕೆಲಸ ಮಾಡಿದ್ದರು. ಗಮನಿಸಿ, ಇದು ಹೊಸ ನೀರು ಕೊಡುವುದಿಲ್ಲ. ಇದ್ದದ್ದನ್ನು ಕಾಯುತ್ತದೆ. "ಬಲ ಹೆಚ್ಚಾಯಿತು" ಅಂತ ವರದಿ ಕಂಡರೆ, ಯಾವುದಕ್ಕಿಂತ ಅಂತ ಕೇಳಬೇಕು. ಕ್ಯೂರಿಂಗೇ ಮಾಡದೆ ಬಿಸಿಲಿಗೆ ಬಿಟ್ಟ ಕ್ಯೂಬಿಗಿಂತಲೋ, ನೀರಿನಲ್ಲಿ ಮುಳುಗಿಸಿಟ್ಟದ್ದಕ್ಕಿಂತಲೋ? ಮೊದಲನೆಯದನ್ನು ಸೋಲಿಸುವುದು ದೊಡ್ಡ ಮಾತಲ್ಲ.

ಸೆಲ್ಫ್ ಕ್ಯೂರಿಂಗ್ ಅಂತ ಡಬ್ಬಿ ತೋರಿಸಿ ಮಾರುವವರ ಮುಂದೆ ಇದೇ ಪ್ರಶ್ನೆ ಇಡಿ. ಮುಖದಲ್ಲೇ ಉತ್ತರ ಸಿಗುತ್ತದೆ.

ಬೂದಿಯೂ ಇದೆ, ಹೆಂಚೂ ಇದೆ

ಕರ್ನಾಟಕದಲ್ಲಿ ಹಗುರ ಜಲ್ಲಿಗೆ ಬೇಕಾದ ಕಚ್ಚಾ ವಸ್ತು ಬೆಟ್ಟದಷ್ಟಿದೆ. ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿ, ಎರಡೂ ಕಡೆ ಕಲ್ಲಿದ್ದಲು ಸುಟ್ಟು ವಿದ್ಯುತ್ ಮಾಡುತ್ತೇವೆ. ಹಾರುಬೂದಿಯನ್ನು ಪೂರ್ತಿ ಬಳಸಲೇಬೇಕು ಅಂತ ಕೇಂದ್ರ ಪರಿಸರ ಸಚಿವಾಲಯ 2021ರ ಡಿಸೆಂಬರ್ 31ರಂದು ಅಧಿಸೂಚನೆ ಹೊರಡಿಸಿದೆ. ಹಾರುಬೂದಿಯ ಉಂಡೆ ಸುಟ್ಟು ಮಾಡಿದ ದಪ್ಪ ಜಲ್ಲಿಗೆ 2018ರಲ್ಲಿ ಭಾರತೀಯ ಮಾನಕವೂ ಬಂದಿದೆ. ಆ ಮಾನಕ ದಪ್ಪ ಜಲ್ಲಿಯದ್ದು. ಒಳಗಿನ ಕ್ಯೂರಿಂಗಿಗೆ ಚೆನ್ನಾಗಿ ಒಗ್ಗುವುದು ಪುಡಿ. ಸುಡಲು ಇಂಧನ ಬೇಕು, ಸಾಗಿಸಲು ಲಾರಿ ಬೇಕು. ಇಲ್ಲೇ ಸಿಗುವ ಎಂ-ಸ್ಯಾಂಡಿನ ಮುಂದೆ ಬೆಲೆಯಲ್ಲಿ ನಿಲ್ಲುವುದು ಕಷ್ಟ.

ನನಗೆ ಇನ್ನೂ ಕುತೂಹಲ ಹುಟ್ಟಿಸುವುದು ಮಂಗಳೂರು ಹೆಂಚು. 2009ರಲ್ಲಿ ಜಪಾನಿನ ಹಿರೋಶಿಮಾ ವಿಶ್ವವಿದ್ಯಾಲಯದ ತಂಡವೊಂದು, ರಂಧ್ರಗಳಿರುವ ಸಿರಾಮಿಕ್ ತ್ಯಾಜ್ಯವನ್ನು ನೆನೆಸಿ ಅತಿ ಗಟ್ಟಿ ಕಾಂಕ್ರೀಟಿನಲ್ಲಿ ದಪ್ಪ ಜಲ್ಲಿಯ ನೂರಕ್ಕೆ 40 ಭಾಗಕ್ಕೆ ಬದಲಾಗಿ ಹಾಕಿತು. ತನ್ನಷ್ಟಕ್ಕೆ ಕುಗ್ಗುವ ಕಾಟ ಹೆಚ್ಚುಕಡಿಮೆ ಮಾಯವಾಯಿತು. ನಮ್ಮ ಕರಾವಳಿ ಮಲೆನಾಡಿನಲ್ಲಿ ಹಳೇ ಮನೆ ಕೆಡವಿದಾಗಲೆಲ್ಲ ಒಡೆದ ಹೆಂಚು ರಾಶಿ ಬೀಳುತ್ತದೆ. ಅದೂ ಸುಟ್ಟ ಮಣ್ಣೇ, ಅದೂ ಚೆನ್ನಾಗಿ ನೀರು ಹೀರುತ್ತದೆ. ಪಾಚಿ, ಸುಣ್ಣ ಅಂಟಿದ ಹಳೇ ಹೆಂಚು ಎಲ್ಲ ಒಂದೇ ಗುಣದ್ದಾಗಿರುವುದಿಲ್ಲ, ಹಾಗಾಗಿ ನಾಳೆಯೇ ಯಾರೂ ಒಡೆದು ಹಾಕಬಾರದು. ಆದರೆ ಪಿಇಜಿ 400ರ ಬದಲು ಇನ್ನೊಂದು ಪ್ರಾಜೆಕ್ಟು ಬೇಕು ಅನ್ನುವ ಹುಡುಗರಿಗೆ ಇದಕ್ಕಿಂತ ಒಳ್ಳೆ ವಿಷಯ ಇರಲಾರದು.

ಮೊದಲು ಪ್ರಯೋಗಿಸಬೇಕಾದ ಜಾಗ ಬೆಂಗಳೂರಿನ ವೈಟ್ ಟಾಪಿಂಗ್ ರಸ್ತೆ (ಡಾಂಬರಿನ ಮೇಲೆ ಕಾಂಕ್ರೀಟು ಹಾಸಿದ್ದು) ಅಂತ ನನ್ನ ಅಭಿಪ್ರಾಯ. ಕಡಿಮೆ ನೀರಿನ ಗಟ್ಟಿ ಕಾಂಕ್ರೀಟು. ಅಗಲವಾಗಿ ಬಿಸಿಲಿಗೆ ತೆರೆದ ಮೈ. ಮೇಲ್ಮೈ ಒಣಗಿ ಕೆಳಗೆ ತೇವ ಉಳಿದಾಗ ಚಪ್ಪಡಿಯ ಅಂಚು ಹಪ್ಪಳದ ಹಾಗೆ ಮೇಲೇಳುತ್ತದೆ. ಒಳಗಿನ ನೀರು ಇದನ್ನು ತಗ್ಗಿಸುತ್ತದೆ.

ಯಾಕೆ ಯಾರೂ ಕೇಳುತ್ತಿಲ್ಲ ಅಂದರೆ, ಟೆಂಡರಿನಲ್ಲಿ ಅಂಥ ಸಾಲೇ ಇರುವುದಿಲ್ಲ. ನಾವು ಹಣ ಕೊಡುವುದು ಘನ ಮೀಟರಿಗೆ ಮತ್ತು 28 ದಿನದ ಕ್ಯೂಬಿಗೆ. ಐದು ವರ್ಷದ ಮೇಲೆ ಎಷ್ಟು ಬಿರುಕು ಇರಬೇಕು ಅಂತ ಯಾರೂ ಬರೆಯುವುದಿಲ್ಲ. ಘನ ಮೀಟರಿಗೆ ಕೆಲವು ನೂರು ರೂಪಾಯಿ ಜಾಸ್ತಿ ಹಾಕಿ ಬಿರುಕು ತಡೆದ ಗುತ್ತಿಗೆದಾರ ಟೆಂಡರು ಕಳೆದುಕೊಳ್ಳುತ್ತಾನೆ.

ಕೆಲಸದ ತೊಂದರೆಗಳೂ ಸಣ್ಣವಲ್ಲ. ಪುಡಿಜಲ್ಲಿಯನ್ನು ಎರಡು ಮೂರು ದಿನ ಮೊದಲೇ ರಾಶಿ ಹಾಕಿ ಸ್ಪ್ರಿಂಕ್ಲರಿನಲ್ಲಿ ನೆನೆಸಬೇಕು. ಆಮೇಲೆ ಮೇಲ್ಮೈ ನೀರು ಬಸಿದುಹೋಗಲು ಬಿಡಬೇಕು. ಒಳಗೆ ಎಷ್ಟು ನೀರಿದೆ, ಮೈಗೆ ಅಂಟಿದ್ದು ಎಷ್ಟು ಅಂತ ದಿನಾ ಅಳೆಯಬೇಕು. ಮೈಗೆ ಅಂಟಿದ್ದು ಮಿಶ್ರಣದ ನೀರಿಗೆ ಸೇರಿ ಗಟ್ಟಿತನ ಇಳಿಸುತ್ತದೆ. ಸರಿಯಾಗಿ ನೆನೆಯದಿದ್ದರೆ ಉಲ್ಟಾ, ಪಂಪಿನ ಒತ್ತಡಕ್ಕೆ ಜಲ್ಲಿಯೇ ಮಿಶ್ರಣದ ನೀರು ಹೀರಿ ಪೈಪು ಕಟ್ಟಿಕೊಳ್ಳುತ್ತದೆ. ವೈಬ್ರೇಟರ್ ಜಾಸ್ತಿ ಹೊತ್ತು ಹಿಡಿದರೆ ಹಗುರ ಜಲ್ಲಿ ತೇಲಿ ಮೇಲೆ ಬರುತ್ತದೆ. ಮಳೆ ಬಂದಾಗ ಮರಳಿನ ತೇವವನ್ನೇ ಅಳೆಯದ ಪ್ಲಾಂಟುಗಳಿಗೆ ಇದನ್ನು ಕೊಟ್ಟರೆ ಏನಾದೀತು ಅಂತ ಯೋಚಿಸಿದರೆ ಹೆದರಿಕೆಯಾಗುತ್ತದೆ. ಒಳಗಿನ ನೀರು ಇದೆ ಅಂತ ಹೊರಗಿನ ಮೈಯನ್ನು ಬಿಸಿಲಿಗೆ ಬಿಡುವ ಹಾಗೂ ಇಲ್ಲ. ಒಣಗಿ ಕುಗ್ಗುವುದು ಇದರಿಂದ ಪೂರ್ತಿ ನಿಲ್ಲುವುದಿಲ್ಲ. ಅಮೆರಿಕದವರೂ ಮೇಲೆ ಒದ್ದೆ ಗೋಣಿ ಹೊದಿಸುವುದನ್ನು ಬಿಟ್ಟಿಲ್ಲ.

ಹಾಗಾದರೆ ಮನೆಗೆ?

ನಿಮ್ಮ ಎಂ20 ಸ್ಲ್ಯಾಬಿನ ಹೊಟ್ಟೆಯಲ್ಲಿ ನೀರು ಸಾಕಷ್ಟಿದೆ. ಮತ್ತೆ ಜಲ್ಲಿಯೊಳಗೆ ನೀರು ತುಂಬಿ ಕಳಿಸುವುದು, ಊಟ ಮುಗಿಸಿದವನಿಗೆ ಬುತ್ತಿ ಕಟ್ಟಿಕೊಟ್ಟ ಹಾಗೆ. ಮುಚ್ಚಿದರೆ ಸಾಕು. ಐಎಸ್ 456 ಇದನ್ನು ಒಪ್ಪುತ್ತದೆ. ಮೈಗೆ ಒತ್ತಿ ಹೊದಿಸಿದ ಪ್ಲಾಸ್ಟಿಕ್ ಹಾಳೆ ನಡೆಯುತ್ತದೆ. ಎಂಜಿನಿಯರ್ ಒಪ್ಪಿದರೆ ಮೇಲೆ ಸಿಂಪಡಿಸುವ ಕ್ಯೂರಿಂಗ್ ಕಾಂಪೌಂಡೂ ನಡೆಯುತ್ತದೆ. ಸಂಸ್ಕರಿಸಿದ ಕೊಳಚೆ ನೀರು ಬಳಸುವುದಾದರೆ ಮೊದಲು ಪರೀಕ್ಷೆ ಮಾಡಿಸಿ. ಪಿಎಚ್ 6ಕ್ಕಿಂತ ಕಡಿಮೆ ಇರಬಾರದು, ಕಂಬಿ ಇರುವ ಕಾಂಕ್ರೀಟಿಗೆ ಲೀಟರಿಗೆ 500 ಮಿಲಿಗ್ರಾಂಗಿಂತ ಜಾಸ್ತಿ ಕ್ಲೋರೈಡ್ ಇರಬಾರದು.

ಹೊತ್ತು ಕೂಡ ಮುಖ್ಯ. ನಮ್ಮಲ್ಲಿ ಸಂಜೆ ಮೋಲ್ಡ್ ಮುಗಿಸಿ ಬೆಳಿಗ್ಗೆ ಬಂದು ಕಟ್ಟೆ ಕಟ್ಟುತ್ತಾರೆ. ಏಪ್ರಿಲ್ ತಿಂಗಳ ಗಾಳಿಯಲ್ಲಿ ಕೂದಲೆಳೆ ಬಿರುಕು ಅಷ್ಟರಲ್ಲೇ ಬಂದಾಗಿರುತ್ತದೆ. ಮೇಲ್ಮೈಯ ಹೊಳಪು ಮಾಯವಾಗುತ್ತಿದ್ದ ಹಾಗೆ ಹಾಳೆ ಹೊದಿಸಿ. ಬೆಳಿಗ್ಗೆ ಎತ್ತಿ, ಗೋಣಿಚೀಲ ಹಾಸಿ, ಒಂದೇ ಒಂದು ಸಲ ಚೆನ್ನಾಗಿ ನೆನೆಸಿ, ಮತ್ತೆ ಹಾಳೆ ಹೊದಿಸಿ. ಎರಡು ಮೂರು ದಿನಕ್ಕೊಮ್ಮೆ ಒಂದು ಮೂಲೆ ಎತ್ತಿ ಕೈಯಿಟ್ಟು ನೋಡಿ. ತಣ್ಣಗೆ ಒದ್ದೆ ಇದ್ದರೆ ಮುಚ್ಚಿಬಿಡಿ, ಒಣಗಿದ್ದರೆ ನಾಲ್ಕು ಬಿಂದಿಗೆ ನೀರು. ಹಾಳೆಯ ಅಂಚಿನುದ್ದಕ್ಕೂ ಮಿಕ್ಕ ಜಲ್ಲಿಯನ್ನೋ ಒಡೆದ ಇಟ್ಟಿಗೆಯನ್ನೋ ಹೇರಿ, ಇಲ್ಲದಿದ್ದರೆ ರಾತ್ರಿ ಗಾಳಿಗೆ ಹಾಳೆ ಪಕ್ಕದ ಮನೆಯ ತೆಂಗಿನಮರದಲ್ಲಿ ಸಿಗುತ್ತದೆ.